ಸ್ವತಂತ್ರ ಚಿತ್ರ ನಿರ್ಮಾಪಕರಿಗೆ ಕಾನೂನು ಮತ್ತು ವ್ಯವಹಾರದ ಪಾಠ: ಮಂಗಳೂರಿನ ಎರಡು ದಿನಗಳ ಕಾರ್ಯಾಗಾರದ ಬಗ್ಗೆ

ಸಣ್ಣ ಬಂಡವಾಳದಲ್ಲಿ ಸ್ವಂತವಾಗಿ ಸಿನಿಮಾ ಮಾಡುವವರಿಗಾಗಿ ಒಬ್ಬ ವಕೀಲರು ಮತ್ತು ಒಬ್ಬ ಲೆಕ್ಕಪರಿಶೋಧಕರು ಜತೆಗೂಡಿ ಮಂಗಳೂರಿನ ಬಲ್ಮಠದ ಬಳಿ ಶನಿವಾರ ಮತ್ತು ಭಾನುವಾರಗಳಲ್ಲಿ ಕಾರ್ಯಾಗಾರವೊಂದನ್ನು ನಡೆಸುತ್ತಾರೆ. ಕೃತಿಸ್ವಾಮ್ಯ, ಕರಾರು ಪತ್ರ, ಸಂಸ್ಥೆಯ ನೋಂದಣಿ, ತೆರಿಗೆ, ಸೆನ್ಸಾರ್, ವಿತರಣೆ ಇಷ್ಟನ್ನೂ ಎರಡೇ ದಿನಗಳಲ್ಲಿ ತಿಳಿಸಿಕೊಡುವುದಾಗಿ ಅದರ ಕರಪತ್ರ ಹೇಳುತ್ತದೆ. ಶುಲ್ಕ ₹4,500. ಮಧ್ಯಾಹ್ನದ ಊಟ, ಟಿಪ್ಪಣಿ ಪುಸ್ತಕ, ಮಾದರಿ ಕರಾರುಗಳ ಒಂದು ಕಂತೆ ಮತ್ತು ಕಾರ್ಯಾಗಾರದ ಅನಂತರ ಅರ್ಧ ಗಂಟೆಯ ಖಾಸಗಿ ಸಮಾಲೋಚನೆ ಈ ಮೊತ್ತದಲ್ಲೇ ಸೇರಿವೆ. ಪಾಠ ಕನ್ನಡದಲ್ಲಿ ನಡೆಯುತ್ತದೆ, ಪ್ರಶ್ನೋತ್ತರದ ಹೊತ್ತಿಗೆ ತುಳುವಿಗೆ ಹೊರಳುತ್ತದೆ. ಹಕ್ಕು ಮತ್ತು ಕರಾರಿನ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಪಾಠವನ್ನು ನಾನು ಕನ್ನಡದಲ್ಲಿ ಬೇರೆಲ್ಲೂ ಕೇಳಿಲ್ಲ. ವ್ಯವಹಾರದ ವಿಷಯದಲ್ಲಿ ಮಾತ್ರ ಕರಪತ್ರ ಕೊಟ್ಟ ಮಾತು ಅರ್ಧದಷ್ಟೂ ಈಡೇರಿಲ್ಲ. ಈ ಎರಡು ಅಭಿಪ್ರಾಯಗಳಿಗೆ ಕಾರಣಗಳನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಇಂಥ ಪಾಠ ಈ ಊರಿಗೆ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. 1971ರಲ್ಲಿ ಮೊದಲ ತುಳು ಚಿತ್ರ ತೆರೆಕಂಡಂದಿನಿಂದ ಇಂದಿನವರೆಗೂ ಕರಾವಳಿಯ ಸಿನಿಮಾ ಬಹುಮಟ್ಟಿಗೆ ಪರಿಚಯದ ಬಲದಿಂದಲೇ ನಡೆದುಬಂದಿದೆ. ನಾಟಕ ತಂಡದವರು ನಟಿಸುತ್ತಾರೆ, ಯಕ್ಷಗಾನದ ಭಾಗವತರು ಹಾಡುತ್ತಾರೆ, ಸಹಪಾಠಿಯ ಮನೆ ಚಿತ್ರೀಕರಣದ ಸ್ಥಳವಾಗುತ್ತದೆ, ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಬಂಧುಗಳು ಹಣ ಹಾಕುತ್ತಾರೆ. ಇವರಲ್ಲಿ ಯಾರ ಮುಂದೆಯೂ ಕಾಗದ ಇಡಲು ಮನಸ್ಸು ಬರುವುದಿಲ್ಲ, ಇಟ್ಟರೆ ನಂಬಿಕೆ ಇಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಚಿತ್ರ ಸೋತರೆ ಜಗಳಕ್ಕೆ ಕಾರಣವೇ ಇರುವುದಿಲ್ಲ. ಓಡಿದರೆ, ಅಥವಾ ಓಟಿಟಿ ಸಂಸ್ಥೆಯೊಂದು ಕೊಳ್ಳಲು ಮುಂದೆ ಬಂದರೆ, ಹಾಡು ಯಾರದು, ಕಥೆ ಯಾರದು, ನಿರ್ಮಾಪಕ ಯಾರು ಎಂಬ ಪ್ರಶ್ನೆಗಳು ಒಂದೇ ವಾರದಲ್ಲಿ ಎದ್ದು ನಿಲ್ಲುತ್ತವೆ. ವಕೀಲರು ತಮ್ಮ ಪಾಠವನ್ನು ಈ ಹಂತದಿಂದಲೇ ಆರಂಭಿಸಿದ್ದು ನನಗೆ ಸರಿಯೆನಿಸಿತು. ಕಾಯ್ದೆಯ ಇತಿಹಾಸ ಹೇಳುತ್ತ ಕೂರದೆ, ಓಟಿಟಿ ಸಂಸ್ಥೆಗಳು ಕೇಳುವ ದಾಖಲೆಗಳ ಪಟ್ಟಿಯೊಂದನ್ನು ಪರದೆಯ ಮೇಲೆ ತೋರಿಸಿ, ಇದರಲ್ಲಿ ನಿಮ್ಮ ಬಳಿ ಯಾವುದಿದೆ ಎಂದು ಅವರು ಕೇಳಿದರು. ಕೋಣೆಯಲ್ಲಿ ಕುಳಿತಿದ್ದ ಉಡುಪಿ, ಕುಂದಾಪುರ, ಪುತ್ತೂರು, ಕಾಸರಗೋಡಿನವರಲ್ಲಿ ಹೆಚ್ಚಿನವರ ಬಳಿ ಸೆನ್ಸಾರ್ ಪ್ರಮಾಣಪತ್ರ ಬಿಟ್ಟು ಬೇರೇನೂ ಇರಲಿಲ್ಲ.

ಮೊದಲ ದಿನದ ಬೆಳಗಿನ ಅವಧಿಯೇ ಇಡೀ ಕಾರ್ಯಾಗಾರದ ಅತ್ಯುತ್ತಮ ಭಾಗ. 1957ರ ಕೃತಿಸ್ವಾಮ್ಯ ಕಾಯ್ದೆಯ ದೃಷ್ಟಿಯಲ್ಲಿ ಚಲನಚಿತ್ರದ ‘ಕರ್ತೃ’ ನಿರ್ಮಾಪಕ. ನಿರ್ದೇಶಕನೂ ಅಲ್ಲ, ಛಾಯಾಗ್ರಾಹಕನೂ ಅಲ್ಲ. ನಿರ್ಮಾಪಕ ಎಂದರೆ ಚಿತ್ರವನ್ನು ಮಾಡಲು ಮುಂದಾಗಿ ಅದರ ಹೊಣೆ ಹೊತ್ತ ವ್ಯಕ್ತಿ. ಹಣ ಕೊಟ್ಟ ಮಾತ್ರಕ್ಕೆ ಯಾರೂ ನಿರ್ಮಾಪಕರಾಗುವುದಿಲ್ಲ, ಪೋಸ್ಟರಿನಲ್ಲಿ ಹೆಸರು ಹಾಕಿಸಿಕೊಂಡ ಮಾತ್ರಕ್ಕೂ ಆಗುವುದಿಲ್ಲ. ತಾನೇ ಬರೆದು, ತಾನೇ ನಿರ್ದೇಶಿಸಿ, ಸೆನ್ಸಾರ್ ಅರ್ಜಿಯಲ್ಲಿ ಮಾತ್ರ ಹಣ ಹಾಕಿದ ಸ್ನೇಹಿತನ ಹೆಸರನ್ನು ನಿರ್ಮಾಪಕ ಎಂದು ಬರೆದವರು ನಮ್ಮಲ್ಲಿ ಬಹಳ. ಮುಂದೆ ಆ ಚಿತ್ರವನ್ನು ಎಲ್ಲಿ ತೋರಿಸಬೇಕು, ಯಾರಿಗೆ ಮಾರಬೇಕು ಎಂದು ತೀರ್ಮಾನಿಸುವ ಅಧಿಕಾರ ಆ ಸ್ನೇಹಿತನ ಕೈಯಲ್ಲಿರುತ್ತದೆ. ನಿರ್ದೇಶಕ ತನಗೂ ಪಾಲು ಉಳಿಸಿಕೊಳ್ಳಬೇಕೆಂದಿದ್ದರೆ ಅದನ್ನು ಕರಾರಿನಲ್ಲೇ ಬರೆಸಬೇಕು, ಕಾಯ್ದೆ ತಾನಾಗಿ ಅದನ್ನು ಅವನಿಗೆ ಕೊಡುವುದಿಲ್ಲ. ಚಿತ್ರದ ಕೃತಿಸ್ವಾಮ್ಯ ಪ್ರಕಟಣೆಯ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಹಾಗಾಗಿ ಈಗ ಮಾಡುವ ಈ ಉದಾಸೀನದ ಫಲವನ್ನು ಇಬ್ಬರ ಮಕ್ಕಳೂ ಉಣ್ಣಬೇಕಾಗುತ್ತದೆ.

ಇದರ ಬೆನ್ನಿಗೇ ಬಂದ ಹಕ್ಕು ವರ್ಗಾವಣೆಯ ಪಾಠ ಇನ್ನೂ ಉಪಯುಕ್ತವಾಗಿತ್ತು. ವರ್ಗಾವಣೆ ಲಿಖಿತವಾಗಿರಬೇಕು, ಕೊಡುವವರ ಸಹಿ ಇರಬೇಕು, ಯಾವ ಕೃತಿಯ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂಬುದು ಅದರಲ್ಲಿರಬೇಕು ಎಂಬಷ್ಟನ್ನು ಎಲ್ಲರೂ ಹೇಳುತ್ತಾರೆ. ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಈ ವಕೀಲರು ಕಾಯ್ದೆಯ 19ನೇ ಕಲಮನ್ನು ಇಟ್ಟುಕೊಂಡು ಒಂದೊಂದಾಗಿ ಬಿಡಿಸಿದರು. ಅವಧಿ ಬರೆಯದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಸೀಮಿತ ಎಂದು ಕಾಯ್ದೆ ಊಹಿಸುತ್ತದೆ. ಪ್ರದೇಶ ಬರೆಯದಿದ್ದರೆ ಅದು ಭಾರತದೊಳಗೆ ಮಾತ್ರ. ಪಡೆದವರು ಆ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿರದ ಪಕ್ಷದಲ್ಲಿ, ಆ ಹಕ್ಕಿನ ವರ್ಗಾವಣೆಯೇ ಬಿದ್ದುಹೋಗುತ್ತದೆ. ಈ ಮೂರನ್ನೂ ತುಳು ಚಿತ್ರಗಳ ಪರಿಸ್ಥಿತಿಗೆ ಹೊಂದಿಸಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ನಮ್ಮ ಚಿತ್ರಗಳ ಪ್ರದರ್ಶನಗಳು ದುಬೈ, ಮಸ್ಕತ್, ಬಹರೈನ್‌ಗಳಲ್ಲಿ ಅಲ್ಲಿನ ಸಂಘಗಳ ನೆರವಿನಿಂದ ನಡೆಯುತ್ತವೆ, ಆದರೆ ಕಥೆಗಾರನಿಂದ ಬರೆಸಿಕೊಂಡ ಅರ್ಧ ಪುಟದ ಕಾಗದದಲ್ಲಿ ಪ್ರದೇಶದ ಮಾತೇ ಇರುವುದಿಲ್ಲ. ಹಾಗಿದ್ದರೆ ಆ ಪ್ರದರ್ಶನಗಳ ಹಕ್ಕು ನಿರ್ಮಾಪಕರಿಗೆ ಬಂದೇ ಇಲ್ಲ ಎಂದು ಕಥೆಗಾರ ವಾದಿಸಬಹುದು. ಕುಂದಾಪುರದ ಯುವಕನೊಬ್ಬ ತನ್ನ ಫೋನಿನಲ್ಲಿದ್ದ ಕರಾರಿನ ಚಿತ್ರವನ್ನು ಆಗಲೇ ತೆರೆದು, ಅದರಲ್ಲಿ ಈ ಯಾವುದೂ ಇಲ್ಲವೆಂದು ಕಂಡುಕೊಂಡು, ಊಟದ ಹೊತ್ತಿನಲ್ಲಿ ಕಥೆಗಾರನಿಗೆ ಕರೆ ಮಾಡಲು ಹೊರಗೆ ಹೋದ. ಪಾಠ ತಟ್ಟಿದೆ ಎನ್ನುವುದಕ್ಕೆ ಅಷ್ಟು ಸಾಕು.

ಹಾಡುಗಳ ವಿಷಯದಲ್ಲಿ 2012ರ ತಿದ್ದುಪಡಿ ತಂದ ಬದಲಾವಣೆಯನ್ನೂ ಅವರು ಸಾವಧಾನವಾಗಿ ವಿವರಿಸಿದರು. ಚಿತ್ರದಲ್ಲಿ ಬಳಸಿದ ಸಾಹಿತ್ಯದ ಮತ್ತು ಸಂಗೀತದ ಕರ್ತೃಗಳು, ಚಿತ್ರಮಂದಿರದಲ್ಲಿ ಚಿತ್ರದ ಜತೆಗೇ ಕೇಳಿಸುವ ಬಳಕೆಯನ್ನು ಬಿಟ್ಟು, ಉಳಿದ ಬಳಕೆಗಳಿಂದ ಬರುವ ರಾಯಧನದ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆವೆಂದು ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ‘ಸಕಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿರುತ್ತೇನೆ’ ಎಂಬ ಸಾಲನ್ನು ಯಾವುದೋ ಹಳೆಯ ಕರಾರಿನಿಂದ ನಕಲು ಮಾಡಿಕೊಂಡು ನೆಮ್ಮದಿಯಿಂದಿರುವ ನಿರ್ಮಾಪಕರು ಇದನ್ನು ತಿಳಿದಿರಬೇಕು. ನಟರ ವಿಷಯವೂ ಹೀಗೆಯೇ. ತನ್ನ ಅಭಿನಯವನ್ನು ಚಿತ್ರದಲ್ಲಿ ಸೇರಿಸಿಕೊಳ್ಳಲು ಕಲಾವಿದ ಲಿಖಿತವಾಗಿ ಒಪ್ಪಿದ್ದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅನಂತರ ನಿರ್ಮಾಪಕ ಚಿತ್ರವನ್ನು ಬಳಸಿಕೊಳ್ಳುವುದಕ್ಕೆ ಆತ ಅಡ್ಡಿ ಮಾಡುವಂತಿಲ್ಲ. ಕಾಯ್ದೆ ಕೊಡುವ ಈ ರಕ್ಷಣೆ ನಿಂತಿರುವುದು ‘ಲಿಖಿತವಾಗಿ’ ಎಂಬ ಷರತ್ತಿನ ಮೇಲೆ. ವಾಟ್ಸ್ಆ್ಯಪ್‌ನಲ್ಲಿ ಹೆಬ್ಬೆರಳು ಎತ್ತಿದ ಚಿಹ್ನೆ ಸಾಲುತ್ತದೆಯೇ ಎಂದು ಒಬ್ಬರು ಕೇಳಿದಾಗ ನಗು ಎದ್ದಿತಾದರೂ, ವಕೀಲರು ಆ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡು, ಒಂದು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಲು ಎರಡು ನಿಮಿಷ ಸಾಕಾಗಿರುವಾಗ ಆ ಅನುಮಾನವನ್ನು ಏಕೆ ಹೊತ್ತು ತಿರುಗಬೇಕು ಎಂದರು.

ಕರಾವಳಿಯದ್ದೇ ಆದ ಸಾಮಗ್ರಿಯನ್ನು ಚಿತ್ರಕ್ಕೆ ತರುವವರಿಗೆ ಮೀಸಲಾಗಿದ್ದ ಅವಧಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿತ್ತು. ಕೋಟ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ಬಗ್ಗೆ ಉಡುಪಿಯ ನ್ಯಾಯಾಲಯದಲ್ಲಿ ಆರಂಭವಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ ಮೊಕದ್ದಮೆಯೇ ಇಲ್ಲಿ ಮುಖ್ಯ ಉದಾಹರಣೆ. ಒಂದು ಕಡೆ ಕಾರಂತರ ಉಯಿಲಿನಂತೆ ಹಕ್ಕು ಪಡೆದ ಮಾಲಿನಿ ಮಲ್ಯ, ಇನ್ನೊಂದು ಕಡೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ಹಕ್ಕು ಉಯಿಲಿನ ಮೂಲಕ ಮಲ್ಯ ಅವರಿಗೆ ಸೇರಿದೆ ಎಂಬುದನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಎತ್ತಿಹಿಡಿದು, ಇಂಥ ಬ್ಯಾಲೆಯನ್ನು ಕಾಯ್ದೆಯ ಅರ್ಥದಲ್ಲಿ ಸಾಹಿತ್ಯ ಕೃತಿಯ ಬದಲು ನಾಟಕ ಕೃತಿಯಾಗಿ ನೋಡಬೇಕೆಂದಿತು. ಕಾಯ್ದೆಯೇ ಕೊಟ್ಟಿರುವ ವಿನಾಯಿತಿಗಳನ್ನು ಬಳಸಿಕೊಳ್ಳಲು ಸಂಸ್ಥೆಗೆ ಅವಕಾಶವೂ ಉಳಿಯಿತು. ಯಕ್ಷಗಾನವೆಂದರೆ ಊರಿನ ಸೊತ್ತು, ಅದಕ್ಕೆ ಒಡೆಯರೆಲ್ಲಿ ಎಂದು ಭಾವಿಸಿ ಕ್ಯಾಮೆರಾ ಹಿಡಿಯುವವರು ಈ ತೀರ್ಪನ್ನು ಓದಿಕೊಳ್ಳುವುದು ಒಳ್ಳೆಯದು. ಕಲೆ ಸಾರ್ವಜನಿಕ ಪರಂಪರೆ ಇರಬಹುದು, ಆದರೆ ಈಗ ಬದುಕಿರುವ ಕವಿ ಬರೆದ ಪ್ರಸಂಗ ಆತನದೇ, ಒಬ್ಬ ಕಲಾವಿದ ಕಟ್ಟಿದ ಹೊಸ ರಂಗರೂಪ ಅವನದೇ, ಆ ರಾತ್ರಿ ಹಾಡಿದ ಭಾಗವತರಿಗೆ ಮತ್ತು ಕುಣಿದ ವೇಷಧಾರಿಗೆ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿ ಇದೆ, ಅದರ ಅವಧಿ 50 ವರ್ಷ. ತುಳು ಜನಪದ ಕಥನಗೀತೆಯಾದ ಪಾಡ್ದನಕ್ಕೆ ಕರ್ತೃವಿಲ್ಲ ಎಂಬುದು ನಿಜವಾದರೂ, ಗದ್ದೆಯ ಬದುವಿನಲ್ಲಿ ಕುಳಿತು ಅದನ್ನು ಹಾಡಿದ ಅಜ್ಜಿಗೆ ತನ್ನ ಹಾಡುವಿಕೆಯ ಮೇಲೆ ಹಕ್ಕಿದೆ ಎಂಬ ಮಾತು ಸಾಕ್ಷ್ಯಚಿತ್ರ ಮಾಡುವ ನಮ್ಮಂಥವರಿಗೆ ನೇರವಾಗಿ ಅನ್ವಯಿಸುತ್ತದೆ.

ಕಥೆಯ ಹಕ್ಕಿಗೆ ಕೊಟ್ಟ ಉದಾಹರಣೆಯೂ ಇದೇ ನೆಲದ್ದು. 2011ರ ಸಾಲಿನ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡ ‘ಬ್ಯಾರಿ’ ಚಿತ್ರ ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿದೆ ಎಂದು ಸಾರಾ ಅಬೂಬಕ್ಕರ್ ಅವರು ನ್ಯಾಯಾಲಯದ ಮೆಟ್ಟಿಲೇರಿದ್ದು ಇಲ್ಲಿನ ಓದುಗರಿಗೆ ನೆನಪಿರಬಹುದು. ಆಲೋಚನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೀತಿಗೆ ಇದೆ ಎಂದು ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿತ್ತು. ಎರಡರ ನಡುವಿನ ಗೆರೆ ಎಲ್ಲಿದೆ ಎಂಬ ಪ್ರಶ್ನೆ ಪ್ರತಿ ಪ್ರಕರಣದಲ್ಲೂ ಹೊಸದಾಗಿ ಏಳುತ್ತದೆ. ಸಂಗೀತದ ವಿಷಯಕ್ಕೆ ಬಂದಾಗ ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಹಾಡಿನ ಪ್ರಸ್ತಾಪ ಬಾರದೆ ಇರುವುದು ಸಾಧ್ಯವಿರಲಿಲ್ಲ. ಕೇರಳದ ವಾದ್ಯತಂಡವೊಂದು 2022ರಲ್ಲಿ ತಂದ ಆಕ್ಷೇಪ, ಕೋಝಿಕ್ಕೋಡ್ ನ್ಯಾಯಾಲಯದ ತಡೆ, ಓಟಿಟಿಗೆ ಬಂದಾಗ ಹಾಡು ಬೇರೆ ಧಾಟಿಯಲ್ಲಿ ಇದ್ದದ್ದು, ಆಮೇಲೆ ಮೂಲ ಧಾಟಿ ಮರಳಿದ್ದು ಇವಿಷ್ಟನ್ನೂ ಹೇಳಿ, ಯಾರು ಸರಿ ಎಂಬ ಚರ್ಚೆಗೆ ವಕೀಲರು ಇಳಿಯಲಿಲ್ಲ. ದೊಡ್ಡ ಸಂಸ್ಥೆ ಇಂಥ ತಡೆಯನ್ನು ತಾಳಿಕೊಳ್ಳುತ್ತದೆ, ಬಿಡುಗಡೆಯ ವಾರದಲ್ಲಿ ಅದೇ ತಡೆ ಸಣ್ಣ ನಿರ್ಮಾಪಕನ ಮೇಲೆ ಬಂದರೆ ಆತನ ಚಿತ್ರಮಂದಿರದ ದಿನಗಳೇ ಕಳೆದುಹೋಗುತ್ತವೆ ಎಂಬುದಷ್ಟೇ ಅವರ ಮಾತಿನ ಸಾರ.

ಈ ಅವಧಿಯ ಬಗ್ಗೆ ನನಗೊಂದು ತಕರಾರೂ ಇದೆ. ದೈವಾರಾಧನೆಯ ಚಿತ್ರೀಕರಣದ ಬಗ್ಗೆ ಪ್ರಶ್ನೆ ಬಂದಾಗ, ದೈವದ ಕೋಲದ ಆಚರಣೆಗೆ ಕೃತಿಸ್ವಾಮ್ಯ ಅನ್ವಯಿಸುವುದಿಲ್ಲವೆಂದು ಹೇಳಿ ವಕೀಲರು ಮುಂದೆ ಹೋದರು. ಕಾನೂನಿನ ಉತ್ತರವಾಗಿ ಅದು ಸರಿಯಿರಬಹುದು, ಚಿತ್ರ ಮಾಡುವವರಿಗೆ ಅಷ್ಟು ಸಾಲದು. ಗುತ್ತಿನ ಮನೆಯವರು (ಊರಿನ ಹಳೆಯ ಮುಖ್ಯಸ್ಥ ಮನೆತನದವರು), ದೈವಸ್ಥಾನದ ಆಡಳಿತದವರು, ದೈವ ಕಟ್ಟುವ ಕುಟುಂಬದವರು ಇವರಲ್ಲಿ ಯಾರ ಒಪ್ಪಿಗೆ ಪಡೆಯಬೇಕು, ಯಾವ ಕ್ರಮದಲ್ಲಿ ಪಡೆಯಬೇಕು, ಒಪ್ಪಿಗೆ ಪತ್ರದಲ್ಲಿ ಯಾವ ದೃಶ್ಯವನ್ನು ಬಳಸುತ್ತೇವೆ, ಯಾವುದನ್ನು ಬಳಸುವುದಿಲ್ಲ ಎಂದು ಬರೆಯಬೇಕು ಎಂಬುದು ಇಲ್ಲಿನ ಅತ್ಯಂತ ಸೂಕ್ಷ್ಮ ವಿಷಯ. ಸಿನಿಮಾಗಳಲ್ಲಿ ದೈವಗಳನ್ನು ತೋರಿಸುವ ಬಗ್ಗೆ ಕರಾವಳಿಯಲ್ಲಿ ಇಷ್ಟೊಂದು ಚರ್ಚೆ ನಡೆದಿರುವಾಗ, ಇದಕ್ಕೆ ಕನಿಷ್ಠ ಒಂದು ಗಂಟೆ ಕೊಡಬೇಕಾಗಿತ್ತು.

ಅನುಮತಿಗಳ ಪಾಠ ಚುರುಕಾಗಿ ಸಾಗಿತು ಮತ್ತು ಅಷ್ಟೇ ವೇಗದಲ್ಲಿ ಇಲ್ಲಿ ಹೇಳಿ ಮುಗಿಸಬಹುದು. ಡ್ರೋನ್ ಹಾರಿಸುವ ಮುನ್ನ 2021ರ ಡ್ರೋನ್ ನಿಯಮಗಳಂತೆ ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳನ್ನು ನೋಡಿಕೊಳ್ಳಬೇಕು. ವಿಮಾನ ನಿಲ್ದಾಣ, ಬಂದರು ಎರಡೂ ಇರುವ ನಗರದಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ. ಕಂಬಳದ ಕೋಣಗಳನ್ನು ಕಥಾಚಿತ್ರಕ್ಕಾಗಿ ಓಡಿಸಿ ಚಿತ್ರೀಕರಿಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಮೊದಲೇ ಪಡೆಯಬೇಕು, ಇಲ್ಲದಿದ್ದರೆ ಸೆನ್ಸಾರಿನಲ್ಲಿ ಕಡತ ನಿಲ್ಲುತ್ತದೆ. ಮಕ್ಕಳ ವಿಷಯದಲ್ಲಿ ಮಾತ್ರ ವಕೀಲರು ನಿಧಾನಿಸಿದರು, ಅದು ಒಳ್ಳೆಯದೇ ಆಯಿತು. ಶಾಲೆಯ ಮಕ್ಕಳನ್ನು ಪೋಷಕರ ಬಾಯಿಮಾತಿನ ಒಪ್ಪಿಗೆಯ ಮೇಲೆ ಚಿತ್ರೀಕರಣಕ್ಕೆ ಕರೆತರುವುದು ನಮ್ಮಲ್ಲಿ ಸಾಮಾನ್ಯ. ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಮಗುವಿನಿಂದ ಕೆಲಸ ಮಾಡಿಸುವಂತಿಲ್ಲ. ಗಳಿಕೆಯ ಶೇ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು. ಚಿತ್ರೀಕರಣದ ತಂಡದಲ್ಲಿ ಹತ್ತು ಅಥವಾ ಹೆಚ್ಚು ಮಂದಿ ಇದ್ದರೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು ಎಂಬುದನ್ನೂ ಹೇಳಿದರು. ಮಾದರಿ ಕಾಗದಗಳ ಕಂತೆಯಲ್ಲಿ ಅದಕ್ಕೆ ಸಂಬಂಧಿಸಿದ ಒಂದು ಪುಟವೂ ಇರಲಿಲ್ಲ.

ಟಿಪ್ಪಣಿ ಪುಸ್ತಕದಲ್ಲಿ ಹಳೆಯ ಮಾಹಿತಿ ಉಳಿದುಕೊಂಡಿರುವುದು ದೊಡ್ಡ ಲೋಪ. ಸೆನ್ಸಾರ್ ಪ್ರಮಾಣಪತ್ರ ಹತ್ತು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ ಎಂದು ಅದರಲ್ಲಿ ಮುದ್ರಿಸಿದ್ದಾರೆ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಪ್ರಮಾಣಪತ್ರ ಶಾಶ್ವತ. ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ‘ಯುಎ’ ಎಂಬ ಒಂದೇ ವರ್ಗವಿದ್ದದ್ದು ಈಗ 7, 13, 16 ವರ್ಷಗಳ ಮೂರು ವರ್ಗಗಳಾಗಿದೆ. 2024ರಲ್ಲಿ ಹೊಸ ನಿಯಮಗಳು ಹಳೆಯ 1983ರ ನಿಯಮಗಳ ಜಾಗಕ್ಕೆ ಬಂದಿವೆ. ಪ್ರಮಾಣಪತ್ರದ ಬಗ್ಗೆ ತಕರಾರಿದ್ದರೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕೆಂದೂ ಪುಸ್ತಕದಲ್ಲಿದೆ. ಆ ನ್ಯಾಯಮಂಡಳಿಯನ್ನು 2021ರಲ್ಲಿಯೇ ರದ್ದುಗೊಳಿಸಲಾಗಿದೆ, ಈಗ ಹೋಗಬೇಕಾದದ್ದು ಹೈಕೋರ್ಟಿಗೆ. ಆದಾಯ ತೆರಿಗೆಯ ಪುಟಗಳಲ್ಲೂ 1961ರ ಕಾಯ್ದೆಯ ಕಲಮು ಸಂಖ್ಯೆಗಳೇ ಇವೆ. 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ 2025ರ ಹೊಸ ಕಾಯ್ದೆಯನ್ನು ಗಣನೆಗೆ ತೆಗೆದುಕೊಂಡಿಲ್ಲ. ವಕೀಲರು ತಮ್ಮ ಮಾತಿನಲ್ಲಿ ಸೆನ್ಸಾರಿನ ತಪ್ಪುಗಳನ್ನು ತಿದ್ದಿದರು ನಿಜ. ಆದರೆ ಮಾತು ಗಾಳಿಯಲ್ಲಿ ಹೋಗುತ್ತದೆ, ಪುಸ್ತಕ ಕಪಾಟಿನಲ್ಲಿ ಉಳಿಯುತ್ತದೆ. ಶುಲ್ಕ ತೆಗೆದುಕೊಂಡು ಕೊಡುವ ಪುಸ್ತಕವನ್ನು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸುವುದು ಅವರ ಕರ್ತವ್ಯ.

ಎರಡನೇ ದಿನ ಲೆಕ್ಕಪರಿಶೋಧಕರದು. ಸಂಸ್ಥೆಯ ಸ್ವರೂಪದ ಬಗ್ಗೆ ಅವರು ಹೇಳಿದ್ದು ಸಂಕ್ಷಿಪ್ತವಾಗಿತ್ತು, ಆದರೆ ಕೆಲಸಕ್ಕೆ ಬರುವಂಥದ್ದು. ಮೂವರು ಸ್ನೇಹಿತರು ಸೇರಿ ಲಾಭ ಹಂಚಿಕೊಳ್ಳುವ ಉದ್ದೇಶದಿಂದ ಚಿತ್ರ ಮಾಡಿದರೆ, ಕಾಗದ ಇಲ್ಲದಿದ್ದರೂ ಅದು ಪಾಲುದಾರಿಕೆ ಎಂದೇ ಪರಿಗಣಿತವಾಗಬಹುದು. ಆಗ ಒಬ್ಬ ಮಾಡಿದ ಸಾಲಕ್ಕೆ ಮೂವರೂ ತಮ್ಮ ಸ್ವಂತ ಆಸ್ತಿಯೊಂದಿಗೆ ಹೊಣೆ. ಅದೇ ಪಾಲುದಾರಿಕೆಯನ್ನು 1932ರ ಕಾಯ್ದೆಯಡಿ ನೋಂದಾಯಿಸದಿದ್ದರೆ, ಹಣ ಕೊಡದ ವಿತರಕನ ಮೇಲೆ ಕರಾರಿನ ಆಧಾರದಲ್ಲಿ ದಾವೆ ಹೂಡಲು ಬರುವುದಿಲ್ಲ. ಎಲ್‌ಎಲ್‌ಪಿ ಎಂಬ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಮಾಡಿಕೊಂಡರೆ ಪ್ರತಿಯೊಬ್ಬರ ಹೊಣೆ ಸೀಮಿತ, ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ಮೀರುವ ತನಕ ಲೆಕ್ಕಪರಿಶೋಧನೆಯ ಕಡ್ಡಾಯವೂ ಇಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಗಾದರೆ ಒಂದೇ ಒಂದು ಬಿಲ್ ಬರೆಯದ ವರ್ಷವೂ ಲೆಕ್ಕಪರಿಶೋಧನೆ ಆಗಲೇಬೇಕು. ಒಂದೇ ಚಿತ್ರ ಮಾಡುವ ತಂಡಕ್ಕೆ ಎಲ್‌ಎಲ್‌ಪಿಯೇ ಸೂಕ್ತ ಎಂಬ ಅವರ ಸಲಹೆಯನ್ನು ನಾನೂ ಒಪ್ಪುತ್ತೇನೆ.

ಜನರಿಂದ ಹಣ ಕೂಡಿಸುವ ವಿಷಯದಲ್ಲಿ ಕೊಟ್ಟ ಎಚ್ಚರಿಕೆಯೂ ಸಕಾಲಿಕ. ಹಾಕಿದ ಹಣವನ್ನು ಇಷ್ಟು ಲಾಭದೊಂದಿಗೆ ಹಿಂದಿರುಗಿಸುತ್ತೇವೆ ಎಂದು ಸಾಮಾಜಿಕ ಜಾಲತಾಣದಲ್ಲಿ ಪ್ರಕಟಿಸಿ ಅಪರಿಚಿತರಿಂದ ಹಣ ಪಡೆಯುವುದು, ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಕಂಪನಿಯಾದರೂ ಷೇರುಗಳನ್ನು ಖಾಸಗಿಯಾಗಿ ನೀಡುವಾಗ ಒಂದು ಹಣಕಾಸು ವರ್ಷದಲ್ಲಿ 200 ಮಂದಿಯ ಮಿತಿ ಇದೆ, ಸಾರ್ವಜನಿಕ ಜಾಹೀರಾತಿಗೆ ಅವಕಾಶವಿಲ್ಲ. ಇಷ್ಟು ಹೇಳಿದವರು, ಗಲ್ಫ್ ದೇಶಗಳಿಂದ ಬರುವ ಹಣದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಕೊಲ್ಲಿಯಲ್ಲಿರುವ ಬಂಧುವೊಬ್ಬರು ಪಾಲುದಾರರಾಗಿ ಹಣ ಹಾಕುವುದಕ್ಕೂ, ಸಾಲವಾಗಿ ಕೊಡುವುದಕ್ಕೂ, ಸುಮ್ಮನೆ ಉಡುಗೊರೆಯಾಗಿ ಕಳುಹಿಸುವುದಕ್ಕೂ ವಿದೇಶಿ ವಿನಿಮಯದ ನಿಯಮಗಳು ಬೇರೆ ಬೇರೆ. ಬೆಂಗಳೂರಿನಲ್ಲಿ ನಡೆಯುವ ಕಾರ್ಯಾಗಾರ ಇದನ್ನು ಬಿಟ್ಟರೆ ಕ್ಷಮಿಸಬಹುದು. ಮಂಗಳೂರಿನಲ್ಲಿ ಬಿಡುವಂತಿಲ್ಲ.

ತೆರಿಗೆಯ ಭಾಗಕ್ಕೆ ಬಂದಾಗ ಪರದೆಯ ಮೇಲಿನ ಪುಟಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಓದುವ ವೇಗವೂ ಹೆಚ್ಚಿತು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಚಿತ್ರದ ಹಕ್ಕನ್ನು ಓಟಿಟಿಗೆ ಕೊಟ್ಟಾಗ ಶೇ 18ರ ತೆರಿಗೆ ಹಾಕಬೇಕು, ತಂತ್ರಜ್ಞರಿಗೆ ಕೊಡುವ ಸಂಭಾವನೆಯಲ್ಲಿ ಟಿಡಿಎಸ್ (ಮೂಲದಲ್ಲೇ ಕಳೆಯುವ ತೆರಿಗೆ) ಕಡಿತ ಮಾಡಿ ಕಟ್ಟಬೇಕು ಎಂಬಲ್ಲಿಯವರೆಗೆ ಎಲ್ಲರೂ ಹಿಂಬಾಲಿಸಿದರು. ನಿರ್ಮಾಣ ವೆಚ್ಚದ ಕಳೆಯುವಿಕೆಗೆ ಸಂಬಂಧಿಸಿದ 9ಎ ನಿಯಮ ಬಂದಾಗ ಮಾತ್ರ ಕೋಣೆ ಮೌನವಾಯಿತು. ಹಳೆಯ 1961ರ ಕಾಯ್ದೆಯಡಿಯ 1962ರ ನಿಯಮಾವಳಿಯ ಈ ನಿಯಮದಂತೆ, ಹಣಕಾಸು ವರ್ಷದ ಕೊನೆಗೆ ಕನಿಷ್ಠ 90 ದಿನ ಮೊದಲು ಚಿತ್ರ ವಾಣಿಜ್ಯಿಕವಾಗಿ ಬಿಡುಗಡೆಯಾಗಿದ್ದರೆ ಇಡೀ ವೆಚ್ಚವನ್ನು ಆ ವರ್ಷದ ಆದಾಯದಿಂದಲೇ ಕಳೆಯಬಹುದು. ಅದಕ್ಕಿಂತ ತಡವಾಗಿದ್ದರೆ ಆ ವರ್ಷ ಚಿತ್ರದಿಂದ ಬಂದ ಹಣದಷ್ಟನ್ನು ಮಾತ್ರ ಕಳೆದು, ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬೇಕು. ಡಿಸೆಂಬರ್ ಕೊನೆಯಲ್ಲಿ ಬಿಡುಗಡೆ ಮಾಡುವುದೋ ಜನವರಿಯಲ್ಲಿ ಮಾಡುವುದೋ ಎಂಬ ತೀರ್ಮಾನಕ್ಕೆ ಇದರಿಂದ ಎಂಥ ವ್ಯತ್ಯಾಸ ಬರುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕ ಹಾಕಿ ತೋರಿಸಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ತೋರಿಸಲಿಲ್ಲ.

ವಿತರಣೆಗೆ ಸಿಕ್ಕಿದ್ದು ಭಾನುವಾರ ಸಂಜೆಯ ಕೊನೆಯ ಅರ್ಧ ಗಂಟೆ. ಎಂ.ಜಿ. (ಕನಿಷ್ಠ ಖಾತರಿ ಮೊತ್ತ), ಕಮಿಷನ್, ಬಾಡಿಗೆ ಎಂಬ ಮೂರು ಪದ್ಧತಿಗಳ ಹೆಸರು ಹೇಳುವಷ್ಟರಲ್ಲಿ ಹೊತ್ತು ಮುಗಿಯಿತು. ಚಿತ್ರಮಂದಿರದಿಂದ ಬರುವ ಡಿಸಿಆರ್ (ದಿನದ ಗಳಿಕೆಯ ವರದಿ) ಹಾಳೆಯನ್ನು ಓದುವುದು ಹೇಗೆ, ಟಿಕೆಟ್ಟಿನ ಹಣ ನಿರ್ಮಾಪಕನ ಕೈ ತಲುಪುವಷ್ಟರಲ್ಲಿ ಎಷ್ಟಾಗುತ್ತದೆ ಎಂಬುದನ್ನು ತಿಳಿಯಲೆಂದೇ ಅನೇಕರು ಬಂದಿದ್ದರು. ಆ ಲೆಕ್ಕ ಕಷ್ಟದ್ದೇನಲ್ಲ. ತೆರಿಗೆ ಸೇರಿ ₹150ರ ಟಿಕೆಟ್ ಎಂದಿಟ್ಟುಕೊಳ್ಳೋಣ. ₹100ಕ್ಕಿಂತ ಹೆಚ್ಚಿನ ಟಿಕೆಟ್ಟಿಗೆ ಶೇ 18ರ ಜಿಎಸ್‌ಟಿ ಕಳೆದರೆ ಉಳಿಯುವುದು ಸುಮಾರು ₹127. ಅದರಲ್ಲಿ ಅರ್ಧ ಪಾಲು ನಿರ್ಮಾಪಕನ ಕಡೆಗೆ ಎಂಬ ಒಪ್ಪಂದವಿದ್ದರೆ ₹63.50, ವಿತರಕನ ಕಮಿಷನ್ ಶೇ 10 ಎಂದಾದರೆ ಉಳಿಯುವುದು ₹57ರ ಆಸುಪಾಸು, ಪ್ರಚಾರದ ವೆಚ್ಚ ಮತ್ತು ಡಿಜಿಟಲ್ ಪ್ರದರ್ಶನದ ಶುಲ್ಕ ಇನ್ನೂ ಬಾಕಿ. ಎರಡನೇ ವಾರಕ್ಕೆ ಮಲ್ಟಿಪ್ಲೆಕ್ಸಿನ ಪಾಲು ಬದಲಾಗುವ ಕರಾರಿದ್ದರೆ ಈ ಅಂಕಿಯೂ ಇಳಿಯುತ್ತದೆ. ಇಷ್ಟನ್ನು ಹೇಳಿ, ಕರಾರಿನಲ್ಲಿ ಯಾವ ವೆಚ್ಚವನ್ನು ಮೊದಲು ಕಳೆಯಬೇಕು ಎಂಬ ಸಾಲನ್ನು ಹೇಗೆ ಬರೆಸಬೇಕೆಂದು ತಿಳಿಸಿದ್ದರೂ ಸಾಕಿತ್ತು. ತುಳು, ಕೊಂಕಣಿ, ಬ್ಯಾರಿ ಚಿತ್ರಗಳಿಗೂ ರಾಜ್ಯ ಸರ್ಕಾರದ ಸಹಾಯಧನ ಇದೆ ಎಂಬುದನ್ನು ಸಭಿಕರೊಬ್ಬರೇ ನೆನಪಿಸಬೇಕಾಯಿತು.

ಮಾದರಿ ಕರಾರುಗಳ ಕಂತೆಯ ಬಗ್ಗೆ ನನ್ನ ಅಭಿಪ್ರಾಯ ಮಿಶ್ರ. ಕಥೆಯ ಹಕ್ಕು, ನಿರ್ದೇಶಕ, ನಟ, ಸಂಗೀತ ನಿರ್ದೇಶಕ, ಗೀತರಚನೆಕಾರ, ಸ್ಥಳದ ಮಾಲೀಕ, ಸಹನಿರ್ಮಾಪಕ ಹೀಗೆ ಬೇಕಾದವೆಲ್ಲ ಇವೆ, ಕಲಮುಗಳು ಬಿಗಿಯಾಗಿವೆ. ಆದರೆ ನಟರ ಒಪ್ಪಿಗೆ ಪತ್ರ ಮತ್ತು ಸ್ಥಳದ ಒಪ್ಪಿಗೆ ಪತ್ರ ಮಾತ್ರ ಕನ್ನಡದಲ್ಲಿವೆ, ಉಳಿದದ್ದು ಇಂಗ್ಲಿಷ್. ಕನ್ನಡದಲ್ಲಿ ಬರೆದ ಕರಾರು ಇಂಗ್ಲಿಷಿನದ್ದಷ್ಟೇ ಸಿಂಧು ಎಂದು ಅವರೇ ಹೇಳಿದ ಮೇಲೆ, ಭಾಗವತರಿಂದಲೋ ನಾಟಕದ ಹಿರಿಯ ನಟರಿಂದಲೋ ಓದಲಾಗದ ಕಾಗದಕ್ಕೆ ಸಹಿ ಪಡೆಯಿರಿ ಎನ್ನುವುದು ಸರಿಯಲ್ಲ. ಇನ್ನೊಂದು ಆಕ್ಷೇಪ, ಎಲ್ಲ ಮಾದರಿಗಳಲ್ಲೂ ವ್ಯಾಜ್ಯ ಬಂದರೆ ಬೆಂಗಳೂರಿನ ನ್ಯಾಯಾಲಯಕ್ಕೇ ಹೋಗಬೇಕೆಂದು ಬರೆದಿರುವುದು. ಇಬ್ಬರೂ ಮಂಗಳೂರಿನವರೇ ಆಗಿರುವಾಗ ಈ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ಕೃತಿಸ್ವಾಮ್ಯದ ಉಲ್ಲಂಘನೆಗೆ ಹಕ್ಕುದಾರ ತಾನು ವಾಸಿಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದೆಂದು ಕಾಯ್ದೆಯ 62ನೇ ಕಲಮು ಅನುಕೂಲ ಮಾಡಿಕೊಟ್ಟಿರುವಾಗಲಂತೂ, ಕರಾರಿನ ಜಗಳಕ್ಕೆ ಮಾತ್ರ ಘಾಟಿ ಹತ್ತಿ ಹೋಗುವ ಷರತ್ತನ್ನು ನಾವೇ ಏಕೆ ಬರೆದುಕೊಳ್ಳಬೇಕು? ಸಹಿ ಮಾಡುವ ಮೊದಲು ಆ ಸಾಲನ್ನು ತಿದ್ದಿಕೊಳ್ಳಿ. ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟದ ಕರಾರನ್ನು ಶುಲ್ಕ ಹಾಗೂ ದಂಡ ಕಟ್ಟುವವರೆಗೆ ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ ಎಂಬ ಅವರ ಎಚ್ಚರಿಕೆಯನ್ನು ಮಾತ್ರ ಅಕ್ಷರಶಃ ಪಾಲಿಸಬೇಕು.

ಚಿತ್ರದ ಶೀರ್ಷಿಕೆಯ ಬಗ್ಗೆ ಅನೇಕರಿಗಿದ್ದ ತಪ್ಪು ಕಲ್ಪನೆ ಇಲ್ಲಿ ನಿವಾರಣೆಯಾಯಿತು. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸುವುದು ಉದ್ಯಮದೊಳಗಿನ ಶಿಸ್ತು. ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ. ಅದೇ ಹಣದಲ್ಲಿ ಚಿತ್ರಕಥೆಯ ಕೃತಿಸ್ವಾಮ್ಯವನ್ನು ನೋಂದಾಯಿಸುವುದು ಜಾಣತನ. ನೋಂದಣಿ ಕಡ್ಡಾಯವಲ್ಲದಿದ್ದರೂ ಸಾಹಿತ್ಯ ಕೃತಿಗೆ ಶುಲ್ಕ ಕೇವಲ ₹500, ನಾಳೆ ನ್ಯಾಯಾಲಯದಲ್ಲಿ ತಾರೀಖಿನ ಪ್ರಶ್ನೆ ಎದ್ದರೆ ಕೈಯಲ್ಲಿ ಒಂದು ಪುರಾವೆ ಇರುತ್ತದೆ.

ಅರ್ಧ ಗಂಟೆಯ ಖಾಸಗಿ ಸಮಾಲೋಚನೆಯನ್ನು ಅವರು ಔಪಚಾರಿಕತೆಗಾಗಿ ನಡೆಸುವುದಿಲ್ಲ. ಕೊಡಿಯಾಲಬೈಲಿನ ಅವರ ಕಚೇರಿಯಲ್ಲಿ ನನ್ನ ಸಾಕ್ಷ್ಯಚಿತ್ರದ ಒಪ್ಪಿಗೆ ಪತ್ರಗಳನ್ನು ವಕೀಲರು ಪೂರ್ತಿ ಓದಿ, ವಿದೇಶಿ ಚಿತ್ರೋತ್ಸವಗಳ ಪ್ರದರ್ಶನಕ್ಕೆ ಪ್ರದೇಶದ ಕಲಮನ್ನು ಹೇಗೆ ವಿಸ್ತರಿಸಬೇಕೆಂದು ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಮುಂದಿನ ಕೆಲಸಕ್ಕೆ ಶುಲ್ಕವೆಷ್ಟು ಎಂಬುದನ್ನು ಕೇಳುವ ಮೊದಲೇ ಹೇಳಿದರು, ಒತ್ತಾಯ ಮಾಡಲಿಲ್ಲ.

ಚಿತ್ರಕಥೆ ಕೈಯಲ್ಲಿದ್ದು ಚಿತ್ರೀಕರಣ ಇನ್ನೂ ಆರಂಭಿಸದವರಿಗೆ ಈ ಕಾರ್ಯಾಗಾರವನ್ನು ಧೈರ್ಯವಾಗಿ ಸೂಚಿಸುತ್ತೇನೆ. ಮೊದಲ ದಿನವೊಂದಕ್ಕೇ ಶುಲ್ಕದ ಬೆಲೆ ಸಂದಾಯವಾಗುತ್ತದೆ. ಚಿತ್ರ ಮುಗಿಸಿ ವಿತರಕರನ್ನು ಹುಡುಕುತ್ತಿರುವವರು ಇಲ್ಲಿಗೆ ಬರುವುದಕ್ಕಿಂತ, ಈಚೆಗೆ ತುಳು ಚಿತ್ರ ಬಿಡುಗಡೆ ಮಾಡಿದ ನಿರ್ಮಾಪಕರೊಬ್ಬರ ಜತೆ ಒಂದು ಸಂಜೆ ಕುಳಿತು ಅವರ ಡಿಸಿಆರ್ ಹಾಳೆಗಳನ್ನು ನೋಡುವುದು ಲೇಸು. ಒಂದೇ ದಿನಕ್ಕೆ ನೋಂದಾಯಿಸಿಕೊಳ್ಳುವ ಅವಕಾಶವನ್ನು ಸಂಘಟಕರು ಈಗ ಕೊಡುತ್ತಿಲ್ಲ. ಶನಿವಾರದ ಪಾಠಕ್ಕೆ ಮಾತ್ರ ಬರಲು ಬಿಟ್ಟು ₹2,500 ಪಡೆದರೆ ಬರುವವರ ಸಂಖ್ಯೆ ಹೆಚ್ಚಬಹುದು. ಸಭಾಂಗಣ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಉಡುಪಿಯ ಕಡೆಯಿಂದ ಬರುವವರಿಗೆ ಒಂಬತ್ತೂವರೆಯ ಆರಂಭ ಅನುಕೂಲಕರವೇ, ಸಂಜೆ ಆರರ ನಂತರವೂ ಪ್ರಶ್ನೆಗಳು ಮುಂದುವರಿಯುವುದರಿಂದ ಹಿಂದಿರುಗುವ ಬಸ್ಸಿನ ವೇಳೆಯನ್ನು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಈಗಾಗಲೇ ಸಹಿಯಾಗಿರುವ ಕರಾರುಗಳ ಪ್ರತಿಗಳನ್ನು ತಪ್ಪದೆ ಜತೆಗೆ ಒಯ್ಯಿರಿ, ಪ್ರಶ್ನೋತ್ತರದಲ್ಲಿ ಅವನ್ನು ಮುಂದಿಟ್ಟು ಕೇಳಿದವರಿಗೆ ಉಳಿದವರಿಗಿಂತ ಹೆಚ್ಚು ಉತ್ತರ ಸಿಕ್ಕಿತು.